ಎಲೆ ಎಣಿಸಿದ ಸರ್ಕಾರ, ಗಂಟೆ ನೋಡದ ನಾವು

ರಾತ್ರಿ ಹನ್ನೊಂದೂಕಾಲು. ನಮ್ಮ ಚಿಕ್ಕಪ್ಪನ ಮಗಳ ಆರತಕ್ಷತೆ ಮುಗಿದಿತ್ತು. ಅಡುಗೆಮನೆಗೆ ಹೋದ್ರೆ ಎರಡು ಕೊಪ್ಪರಿಗೆ ಬಿಸಿಬೇಳೆಬಾತ್ ಹಾಗೇ ಇದೆ. ಪಕ್ಕದಲ್ಲಿ ಅನ್ನ, ಪಲ್ಯ, ಬುಟ್ಟಿ ತುಂಬ ಚಿರೋಟಿ. ಚಿಕ್ಕಪ್ಪ ನನ್ನ ಮುಖ ನೋಡಿ, "ಏನೋ ಮಾಡೋದು ಇದನ್ನ? ನೀನು ಟಿವಿಯವನು, ಯಾರಿಗಾದ್ರೂ ಫೋನ್ ಮಾಡೋ" ಅಂದ್ರು.

ಮಾಡಿದೆ. ಒಂದು ಅನಾಥಾಶ್ರಮದ ವಾರ್ಡನ್ ಫೋನ್ ಎತ್ತಿದ್ರು. ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸಾರ್, ಮಕ್ಕಳು ಊಟ ಮಾಡಿ ಮಲಗಿ ಎರಡು ಗಂಟೆ ಆಯ್ತು. ಎಂಟು ಗಂಟೆಗೆ ಹೇಳಿದ್ರೆ ನಾವು ಅಡುಗೇನೇ ಮಾಡ್ತಿರ್ಲಿಲ್ಲ."

ಬೆಳಗ್ಗೆ ಕಸದ ಗಾಡಿ ಬಂತು. ಆ ಅನ್ನ ಎಲ್ಲಿಗೆ ಹೋಯ್ತು ಅಂತ ನಾನು ಹೇಳಬೇಕಿಲ್ಲ.

ವೀಕ್ಷಕರೇ, ಅವತ್ತಿನಿಂದ ನನಗೊಂದು ಪ್ರಶ್ನೆ ಕಾಡ್ತಿದೆ. ನಾವು ಯಾವಾಗಿನಿಂದ ಹೀಗಾದ್ವಿ? ಯಾಕಂದ್ರೆ ಈ ದೇಶ ಅನ್ನದ ಬೆಲೆ ಗೊತ್ತಿಲ್ಲದ ದೇಶ ಅಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

ರವೆ ಇಡ್ಲಿ ನಿಮಗೆಲ್ಲ ಗೊತ್ತು. ಅದು ಹುಟ್ಟಿದ್ದು ಹೇಗೆ? 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು. ಅಲ್ಲಿಂದ ನಮಗೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆ ಯುದ್ಧಕಾಲದ ಅಕ್ಕಿ ಅಭಾವದಲ್ಲಿ ರವೆ ಬಳಸಿ ಇಡ್ಲಿ ಮಾಡಿದೆವು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳ್ತಾರೆ. ಇವತ್ತು ನಾವು ಬಾಯಿ ಚಪ್ಪರಿಸಿ ತಿನ್ನುವ ತಿಂಡಿಯ ಹಿಂದೆ ಇರೋದು ಒಂದು ಕೊರತೆಯ ಕಥೆ.

ಬಂಗಾಳದಲ್ಲಿ ಆ ಕೊರತೆ ತಿಂಡಿ ಹುಟ್ಟಿಸಲಿಲ್ಲ, ಜನರನ್ನು ಕೊಂದಿತು. 1943ರ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಅದೇ ವರ್ಷ ಬಾಂಬೆ ನಗರದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂತು. ಸ್ವಾತಂತ್ರ್ಯ ಬಂದ ಮೇಲೂ ಹೊಟ್ಟೆಯ ಚಿಂತೆ ಹೋಗಲಿಲ್ಲ. 1950ರಿಂದ 52ರವರೆಗೆ ಕೇಂದ್ರದ ಆಹಾರ ಮಂತ್ರಿಯಾಗಿದ್ದವರು ಕೆ.ಎಂ. ಮುನ್ಷಿ. ಅವರ ಪತ್ನಿ ಲೀಲಾವತಿ ಮುನ್ಷಿಯವರ ಮುಂದಾಳತ್ವದಲ್ಲಿ 'ಅನ್ನಪೂರ್ಣ' ಎಂಬ ಉಪಾಹಾರ ಗೃಹಗಳು ಶುರುವಾದವು. ಅಲ್ಲಿನ ವಿಶೇಷ ಏನು ಗೊತ್ತಾ? ಅಕ್ಕಿ ಇಲ್ಲ, ಗೋಧಿ ಇಲ್ಲ. ಅವೆರಡೂ ಇಲ್ಲದೆಯೂ ಊಟ ಮಾಡಬಹುದು ಅಂತ ಜನಕ್ಕೆ ತೋರಿಸುವುದೇ ಉದ್ದೇಶ.

ಆಮೇಲೆ 1965. ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಮಳೆ ಕೈಕೊಟ್ಟ ವರ್ಷ. ಅಮೆರಿಕದ ಗೋಧಿ ಹಡಗಿನಿಂದ ಇಳಿದರೆ ಮಾತ್ರ ನಮ್ಮ ಪಡಿತರ ಅಂಗಡಿಗೆ ಗೋಧಿ ಅನ್ನುವ ಸ್ಥಿತಿ. ಆಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ದೇಶಕ್ಕೆ ಒಂದು ಮಾತು ಹೇಳಿದ್ರು: ವಾರಕ್ಕೊಂದು ಹೊತ್ತು ಊಟ ಬಿಡಿ. ಸೋಮವಾರ ರಾತ್ರಿ ಮನೆಗಳಲ್ಲಿ ಒಲೆ ಹಚ್ಚಲಿಲ್ಲ, ಹೋಟೆಲ್‌ಗಳು ಬಾಗಿಲು ಹಾಕಿದವು. ಮೊದಲು ತಮ್ಮ ಮನೆಯಲ್ಲೇ ಮಾಡಿ ನೋಡಿ, ಮಕ್ಕಳು ತಡೆದುಕೊಳ್ತಾರೆ ಅಂತ ಗೊತ್ತಾದ ಮೇಲೆ ದೇಶವನ್ನು ಕೇಳಿದ್ರು ಅಂತ ಅವರ ಕುಟುಂಬದವರು ನೆನಪಿಸಿಕೊಂಡಿದ್ದಾರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಸೋಮವಾರದ ಒಪ್ಪತ್ತು ನೆನಪಿರುವವರು ಇನ್ನೂ ಇರಬಹುದು.

ಈ ಅಭಾವದ ದಶಕಗಳಲ್ಲೇ ನಮ್ಮ ಹಲವು ರಾಜ್ಯಗಳು 'ಅತಿಥಿ ನಿಯಂತ್ರಣ ಆದೇಶ' ಎಂಬ ಕಾನೂನು ತಂದವು. ಮದುವೆಗೆ ಇಷ್ಟೇ ಜನಕ್ಕೆ ಊಟ ಹಾಕಬೇಕು, ಅದಕ್ಕಿಂತ ಹೆಚ್ಚಾದ್ರೆ ಅಪರಾಧ! ಎಲೆ ಎಣಿಸುವ ಕೆಲಸಕ್ಕೆ ಸರ್ಕಾರವೇ ನಿಂತಿತು. ಇದು ಹಳೇ ಕಥೆ ಅಂದ್ಕೋಬೇಡಿ. 2017ರಲ್ಲಿ ಜಮ್ಮು ಕಾಶ್ಮೀರ ಸರ್ಕಾರ ಇಂಥದ್ದೇ ಆದೇಶ ಹೊರಡಿಸಿತು. ಮಗಳ ಮದುವೆಗೆ 500 ಜನ, ಮಗನ ಮದುವೆಗೆ 400 ಜನ, ಸಣ್ಣ ಸಮಾರಂಭಕ್ಕೆ 100 ಜನ. ಪಕ್ಕದ ಪಾಕಿಸ್ತಾನ 1997ರಲ್ಲಿ ಮದುವೆ ಊಟವನ್ನೇ ನಿಷೇಧಿಸಲು ಹೊರಟಿತ್ತು.

ಇಂಥ ಆದೇಶಗಳಿಗೆ ಜನ ಮನಸ್ಸಿನಿಂದ ಒಪ್ಪಿದ್ದು ಕಡಿಮೆ. ಯಾಕೆ? ನಮ್ಮಲ್ಲಿ ಊಟ ಹಾಕುವುದು ಖರ್ಚಿನ ಲೆಕ್ಕ ಅಲ್ಲ, ಮರ್ಯಾದೆಯ ಲೆಕ್ಕ. ಕೊನೇ ಪಂಕ್ತಿಗೆ ಸಾರು ಸಾಲದೆ ಹೋದ್ರೆ ಆ ಮನೆಯ ಹೆಸರು ಇಪ್ಪತ್ತು ವರ್ಷ ಬೀಗರ ಬಾಯಲ್ಲಿರುತ್ತೆ. ಆ ಭಯವನ್ನು ಯಾವ ಇನ್‌ಸ್ಪೆಕ್ಟರ್ ತಾನೇ ಅಳೆಯಬಲ್ಲ? ಶಾಸ್ತ್ರಿಯವರ ಮಾತು ಮನೆಮನೆಗೆ ತಲುಪಿದ್ದು ಅವರು ಆದೇಶ ಮಾಡದೆ ಕೇಳಿಕೊಂಡಿದ್ದಕ್ಕೆ, ತಾವೂ ಉಪವಾಸ ಇದ್ದಿದ್ದಕ್ಕೆ.

ಆಮೇಲೆ ಹಸಿರು ಕ್ರಾಂತಿ ಬಂತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬಿತ್ತನೆ ಬೀಜ ಬಂತು. ನಮ್ಮ ರೈತ ಗೋದಾಮು ತುಂಬಿಸಿದ. ಗೋದಾಮು ತುಂಬಿತು, ಎಲೆಯೂ ತುಂಬಿತು. ಆದ್ರೆ ಎಲ್ಲರ ಹೊಟ್ಟೆ ತುಂಬಿತಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಲ್ಲೇ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರರಲ್ಲಿ ಒಂದು ಮಗು!

ಇನ್ನೊಂದು ಕಡೆ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ 75 ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ಮಾಡಿದ್ರು. 2012ರಲ್ಲಿ ಸುದ್ದಿಯಾದ ಅವರ ಅಂದಾಜು: ಬೆಂಗಳೂರಿನ ಮದುವೆಗಳಲ್ಲಿ ಒಂದು ವರ್ಷಕ್ಕೆ ಹಾಳಾಗುವ ಒಳ್ಳೇ ಆಹಾರ 943 ಟನ್. ಹತ್ತು ಟನ್ ಹೊರುವ ಲಾರಿಗೆ ತುಂಬಿದ್ರೆ 94 ಲಾರಿ ಅನ್ನ. ಅದೂ ಒಂದೇ ಊರಿನಲ್ಲಿ, ಮದುವೆಗಳಲ್ಲಿ ಮಾತ್ರ.

ಇದು ಯಾರ ತಪ್ಪು? ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಸೇತುವೆ ಕಟ್ಟುವಾಗ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಭಾರಕ್ಕೆ ಕಟ್ತೀವಿ, ಸುರಕ್ಷತೆಗೆ ಅಂತ. ಮದುವೆ ಅಡುಗೆಯಲ್ಲೂ ಅದೇ ಆಗುತ್ತೆ, ಆದ್ರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರೋಲ್ಲ. ಸಾವಿರ ಜನ ಬರ್ತಾರೆ ಅಂತ ಲೆಕ್ಕ. ಹುಡುಗಿಯ ಅಪ್ಪ "ಎದಕ್ಕೂ ಇರಲಿ" ಅಂತ ನೂರಕ್ಕೆ ಹತ್ತು ಸೇರಿಸ್ತಾರೆ, 1,100 ಆಯ್ತು. ಸೋದರಮಾವ ಇನ್ನೊಂದು ಹತ್ತು ಪರ್ಸೆಂಟ್ ಸೇರಿಸಿ ಭಟ್ಟರಿಗೆ ಹೇಳ್ತಾರೆ, 1,210. ಭಟ್ಟರು ತಮ್ಮ ಹೆಸರು ಕೆಡಬಾರದು ಅಂತ ಮತ್ತೆ ಹತ್ತು, 1,331. ಬಂದವರು 900. ಉಳಿದ 431 ಜನರ ಊಟ ಯಾರೂ ಬೇಕಂತ ಚೆಲ್ಲಿದ್ದಲ್ಲ. ಮೂವರ ಒಳ್ಳೇ ಮನಸ್ಸು ಸೇರಿ ಹಾಗಾಗಿದ್ದು. ಮೂವರೂ ಒಂದು ಕಡೆ ಕೂತು ಒಂದೇ ಸಲ ಸೇರಿಸಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಉಳಿದರ್ಧಕ್ಕೆ ಗಡಿಯಾರ ಬೇಕು. ನ್ಯೂಯಾರ್ಕ್‌ನಲ್ಲಿ 1982ರಲ್ಲೇ 'ಸಿಟಿ ಹಾರ್ವೆಸ್ಟ್' ಎಂಬ ಸಂಸ್ಥೆ ಮಿಕ್ಕ ಆಹಾರವನ್ನು ಹಸಿದವರಿಗೆ ಮುಟ್ಟಿಸೋಕೆ ಶುರುಮಾಡಿತು. ಒಳ್ಳೇ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಬೀಳಬಾರದು ಅಂತ 1996ರಲ್ಲಿ ಅಮೆರಿಕ ಕಾನೂನನ್ನೂ ಮಾಡಿತು. ನಮ್ಮಲ್ಲಿ 2014ರಲ್ಲಿ ದೆಹಲಿಯಲ್ಲಿ 'ರಾಬಿನ್ ಹುಡ್ ಆರ್ಮಿ', ಕೊಯಮತ್ತೂರಿನಲ್ಲಿ 'ನೋ ಫುಡ್ ವೇಸ್ಟ್' ಹುಟ್ಟಿದವು. 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಚ್ಚುವರಿ ಆಹಾರ ಹಂಚುವುದಕ್ಕೆಂದೇ ನಿಯಮ ತಂದಿತು. ಅಂದ್ರೆ ದಾರಿ ಇದೆ. ಆದ್ರೆ ಅನ್ನ ನಮಗಾಗಿ ಕಾಯೋದಿಲ್ಲ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಕೂತ್ರೆ ಅದರಲ್ಲಿ ಕ್ರಿಮಿ ಬೆಳೆಯುತ್ತೆ. ಹನ್ನೊಂದು ಗಂಟೆಗೆ ಕೊಡುವ ದಾನ ಬೆಳಗ್ಗೆ ಮಕ್ಕಳಿಗೆ ವಾಂತಿಭೇದಿ ಆಗಬಹುದು.

ಹಾಗಾಗಿ ಮಿಕ್ಕಿದ ಮೇಲೆ ಯೋಚನೆ ಮಾಡೋದಲ್ಲ, ಮಂಟಪ ಬುಕ್ ಮಾಡುವ ದಿನವೇ ಮಾಡಬೇಕು. ಯಾವ ಸಂಸ್ಥೆಗೆ ಕೊಡ್ತೀವಿ, ಅವರ ಗಾಡಿ ಎಷ್ಟು ಗಂಟೆಗೆ ಬರುತ್ತೆ, ಮೊದಲೇ ಮಾತಾಡಿ. ಎಲ್ಲವನ್ನೂ ಒಟ್ಟಿಗೆ ಬೇಯಿಸಬೇಡಿ, ಪಂಕ್ತಿ ನೋಡಿಕೊಂಡು ಅನ್ನ ಇಡಲಿ ಅಂತ ಭಟ್ಟರಿಗೆ ಹೇಳಿ. ಬಡಿಸುವ ಹುಡುಗರಿಗೆ "ಕೇಳಿ ಬಡಿಸಿ" ಅನ್ನಿ. ಎಲೆಗೆ ಬಿದ್ದು ಉಳಿದದ್ದು ಕಸ, ಪಾತ್ರೆಯಲ್ಲಿ ಉಳಿದದ್ದು ಇನ್ನೂ ಅನ್ನ. ಎಂಟೂವರೆಗೆ ಮನೆಯವರೊಬ್ಬರು ಅಡುಗೆಮನೆಗೆ ಹೋಗಿ ಕೊಪ್ಪರಿಗೆ ನೋಡಲಿ. ಆ ಒಬ್ಬರು ಯಾರು ಅನ್ನೋದು ಮುಹೂರ್ತದ ಜೊತೆಗೇ ನಿಶ್ಚಯವಾಗಲಿ.

ಶಾಸ್ತ್ರಿಯವರು ನಮ್ಮ ಅಜ್ಜ-ಅಜ್ಜಿಯರನ್ನು ಒಂದು ಹೊತ್ತು ಉಪವಾಸ ಇರಿ ಅಂತ ಕೇಳಿದ್ರು. ಅವರು ಇದ್ರು. ನಮ್ಮನ್ನು ಯಾರೂ ಉಪವಾಸ ಇರಿ ಅಂತ ಕೇಳ್ತಿಲ್ಲ. ಮೂರು ಗಂಟೆ ಮೊದಲು ಒಂದು ಫೋನ್ ಮಾಡಿ ಅಂತಿದ್ದಾರೆ, ಅಷ್ಟೇ.

ಕಳೆದ ವರ್ಷ ಅದೇ ಚಿಕ್ಕಪ್ಪನ ಮಗನ ಮದುವೆ ಆಯ್ತು. ಎಂಟು ಗಂಟೆಗೆ ನಾನು ಆ ವಾರ್ಡನ್‌ಗೆ ಫೋನ್ ಮಾಡಿದೆ. "ಒಲೆ ಹಚ್ಚಬೇಡಿ, ಬರ್ತಿದೀವಿ" ಅಂದೆ. ಮಕ್ಕಳು ಎದ್ದಿದ್ರು.