ಕಬ್ಬಿಣದ ಸರಳು ಬಾಗಿಸುವ ಬಲ: ಒಂದು ಇತಿಹಾಸ



ಕಬ್ಬಿಣವನ್ನು ಕಾದಾಗಲೇ ಬಡಿಯಬೇಕು ಎಂಬುದು ಕಮ್ಮಾರಸಾಲೆಯ ನೀತಿ. ಆದರೆ ತಣ್ಣಗಿರುವ ಕಬ್ಬಿಣವನ್ನು ಬರಿಗೈಯಿಂದಲೇ ಬಾಗಿಸುವ ಬಲಶಾಲಿಗಳೂ ಲೋಕದಲ್ಲಿದ್ದಾರೆ. ಹಿಂದೆ ಇಂಥವರನ್ನು ನೋಡಲು ಸರ್ಕಸ್ಸಿನ ಡೇರೆಗೆ ಹೋಗಬೇಕಿತ್ತು, ಇಲ್ಲವೇ ಜಾತ್ರೆಗಾಗಿ ಕಾಯಬೇಕಿತ್ತು. ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ಅವರು ದಿನವೂ ಕಾಣಸಿಗುತ್ತಾರೆ.

ಈ ವಿಷಯವನ್ನು ಬರೆಯಲು ಒಂದು ಕಾರಣವಿದೆ. ಕುಷ್ಟಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ, ಮನೆ ಕಟ್ಟಿಸಲು ತರಿಸಿದ್ದ ಸರಳಿನ ತುಂಡೊಂದನ್ನು ಬಾಗಿಸಹೋಗಿ ಮಣಿಕಟ್ಟು ಉಳುಕಿಸಿಕೊಂಡನಂತೆ. ತಂದೆ ನನಗೆ ಫೋನ್ ಮಾಡಿ, “ಸರ್, ಇದು ಖರೇ ವ್ಯಾಯಾಮನೋ, ಬರೇ ಕಣ್ಕಟ್ಟೋ? ಖರೇ ಇದ್ರ ಎಲ್ಲಿಂದ ಸುರು ಮಾಡಬೇಕ್ರಿ?” ಎಂದು ಕೇಳಿದರು. ನಾನು ವ್ಯಾಯಾಮ ಶಿಕ್ಷಕನಲ್ಲ. ಇತಿಹಾಸ ಪಾಠ ಹೇಳಿದವನು. ಆದುದರಿಂದ ಉತ್ತರವನ್ನು ಇತಿಹಾಸದ ದಾರಿಯಲ್ಲಿಯೇ ಹುಡುಕಿದ್ದೇನೆ.

ಬರಿಗೈಯಿಂದ ಕಬ್ಬಿಣವನ್ನು ಮುರಿದ ಹಳೆಯ ಕಥೆಯೊಂದು ನಮ್ಮ ಮಹಾಭಾರತದಲ್ಲಿಯೇ ಇದೆ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನು ಭೀಮನನ್ನು ಅಪ್ಪಿಕೊಳ್ಳಲು ಮುಂದಾಗುತ್ತಾನೆ. ಅವನ ಮನಸ್ಸಿನಲ್ಲಿದ್ದ ಸಿಟ್ಟನ್ನು ಅರಿತ ಕೃಷ್ಣನು ಭೀಮನನ್ನು ಹಿಂದಕ್ಕೆ ಸರಿಸಿ ಕಬ್ಬಿಣದ ಪ್ರತಿಮೆಯೊಂದನ್ನು ಮುಂದಿಡುತ್ತಾನೆ. ಕುರುಡು ದೊರೆ ಅದನ್ನು ಅಪ್ಪಿ ನುಚ್ಚುನೂರು ಮಾಡುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸ್ತ್ರೀಪರ್ವವು ಇನ್ನೊಂದು ಮಾತನ್ನೂ ಹೇಳುತ್ತದೆ: ಆ ಸಾಹಸದಿಂದ ಧೃತರಾಷ್ಟ್ರನ ಎದೆ ನೊಂದು, ಬಾಯಿಂದ ರಕ್ತ ಬಂದು, ಅವನು ನೆಲಕ್ಕೆ ಬಿದ್ದನು. ಸಾವಿರಾರು ಆನೆಗಳ ಬಲವಿದ್ದವನಿಗೂ ಕಬ್ಬಿಣವು ತನ್ನ ಬೆಲೆಯನ್ನು ಕೇಳಿಯೇ ಕೇಳಿತು ಎಂಬುದನ್ನು ಕವಿ ಮರೆಯಲಿಲ್ಲ.

ಕಥೆಯಿಂದ ಇತಿಹಾಸಕ್ಕೆ ಬರೋಣ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯವನ್ನು ನಿಮ್ಮಲ್ಲಿ ಬಹಳ ಜನ ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಅದನ್ನು ಕಟ್ಟಿಸಿದನು. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅಡುಗೆಯಿಂದ ಸಂಗೀತದವರೆಗೆ ನೂರು ವಿಷಯಗಳನ್ನು ಹೇಳುವ ಆ ಗ್ರಂಥದಲ್ಲಿ ಮಲ್ಲರ ತಾಲೀಮಿನ ವಿವರಣೆಯೂ ಇದೆ. ಮಲ್ಲರನ್ನು ಅದು ವಯಸ್ಸು ಮತ್ತು ಬಲಗಳಿಗೆ ಅನುಸಾರವಾಗಿ ದರ್ಜೆಗಳಾಗಿ ವಿಂಗಡಿಸುತ್ತದೆ. ಮರಳು ತುಂಬಿದ ಚೀಲವನ್ನು ಎತ್ತುವುದು ಭಾರಶ್ರಮ, ಬೆಳಗಿನ ನಡಿಗೆ ಭ್ರಮಣಶ್ರಮ, ಈಜು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಪ್ರತಿಯೊಂದಕ್ಕೂ ಕೊನೆಯಲ್ಲಿ ‘ಶ್ರಮ’ ಎಂಬ ಪದವೇ ಇರುವುದನ್ನು ಗಮನಿಸಿರಿ.

ಮತ್ತೆ ನಾಲ್ಕು ಶತಮಾನ ಕಳೆದು ಗಂಗಾವತಿ ಸೀಮೆಗೆ ಬಂದರೆ, ಆನೆಗೊಂದಿಯ ಎದುರಿಗೆ, ಹೊಳೆಯ ಆಚೆ ದಂಡೆಯಲ್ಲಿ ಕೃಷ್ಣದೇವರಾಯನ ಅರಮನೆ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ದೊರೆಯ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ದೊರೆ ಎಳ್ಳೆಣ್ಣೆ ಕುಡಿಯುತ್ತಿದ್ದನು. ಅದರ ಅಳತೆ ಇಂದಿನ ಲೆಕ್ಕದಲ್ಲಿ ಸುಮಾರು 400 ಮಿಲಿ ಲೀಟರು. ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಕೊಂಡು, ಮಣ್ಣಿನಿಂದ ಮಾಡಿ ಸುಟ್ಟ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುತ್ತಿದ್ದನು. ಅನಂತರ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ ಮಾಡುತ್ತಿದ್ದನು. ಆಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ. ಅದಾದ ಮೇಲೆ ಬಯಲಿನಲ್ಲಿ ಕುದುರೆ ಸವಾರಿ. ಸಾಮ್ರಾಟನಿಗೂ ಈ ಶ್ರಮದಿಂದ ವಿನಾಯಿತಿ ಇರಲಿಲ್ಲ.

ನಮ್ಮ ಹಳ್ಳಿಗಳ ಗರಡಿ ಮನೆಗಳು ಇದೇ ಪರಂಪರೆಯ ಕೊಂಡಿಗಳು. ಕೆಂಪು ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆಗಳು, ಬಾಗಿಲ ಬಳಿ ಸಾಲಾಗಿಟ್ಟ ಗುಂಡುಕಲ್ಲುಗಳು. ಆ ಕಲ್ಲುಗಳೆಲ್ಲ ಒಂದೇ ತೂಕದವಾಗಿರಲಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಸಣ್ಣ ಕಲ್ಲು. ಅದನ್ನು ಮೊದಲು ಮೊಣಕಾಲಿಗೆ, ಅನಂತರ ಎದೆಗೆ, ಕೊನೆಗೆ ಹೆಗಲಿಗೆ ಏರಿಸಿದ ಮೇಲೆಯೇ ಮುಂದಿನ ಕಲ್ಲು. ಸಂಗ್ರಾಣಿ ಕಲ್ಲಿಗೆ ಕೈ ಹಚ್ಚಲು ಉಸ್ತಾದರ ಅಪ್ಪಣೆ ಬೇಕಾಗಿತ್ತು. ಜಾತ್ರೆಯ ದಿನ ನೆರೆದ ಜನ ಕಂಡದ್ದು ಕೊನೆಯ ಕಲ್ಲನ್ನು ಮಾತ್ರ; ಉಳಿದ ಕಲ್ಲುಗಳನ್ನು ಕಂಡಿದ್ದವರು ಆ ಹುಡುಗ ಮತ್ತು ಅವನ ಉಸ್ತಾದ.

ಹೀಗೆ ನಮ್ಮಲ್ಲಿ ಬಲದ ಪರೀಕ್ಷೆಗೆ ಕಲ್ಲು, ಮರಳು, ಮಣ್ಣುಗಳಿದ್ದವು. ಕಬ್ಬಿಣ ಬಾಗಿಸುವ ಆಟ ಬೆಳೆದದ್ದು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳ ಸರ್ಕಸ್ಸು ಮತ್ತು ರಂಗಮಂಚಗಳ ಮೇಲೆ. ಯುರೋಪಿನ ಪ್ರಸಿದ್ಧ ಬಲಶಾಲಿ ಯೂಜೀನ್ ಸ್ಯಾಂಡೋ (1867-1925) 1904-05ರಲ್ಲಿ ಭಾರತ ಪ್ರವಾಸ ಮಾಡಿದನು. ಅದೇ ಕಾಲದಲ್ಲಿ ಆಂಧ್ರದ ವೀರಘಟ್ಟಂನಲ್ಲಿ ಹುಟ್ಟಿದ ಕೋಡಿ ರಾಮಮೂರ್ತಿ ನಾಯ್ಡು (1882-1942) ‘ಕಲಿಯುಗ ಭೀಮ’ ಎಂದು ಹೆಸರಾದರು. ಎದೆಗೆ ಬಿಗಿದ ಕಬ್ಬಿಣದ ಸರಪಳಿಯನ್ನು ಉಸಿರು ತುಂಬಿ ಹರಿಯುವುದು, ಎದೆಯ ಮೇಲೆ ಆನೆಯನ್ನು ನಿಲ್ಲಿಸಿಕೊಳ್ಳುವುದು ಅವರ ಪ್ರಸಿದ್ಧ ಪ್ರದರ್ಶನಗಳಾಗಿದ್ದವು.

ಸರಳು ಬಾಗಿಸುವ ಸಾಧನೆಯಲ್ಲಿ ಎರಡು ಹೆಸರುಗಳನ್ನು ಮರೆಯುವಂತಿಲ್ಲ. ಅಲೆಕ್ಸಾಂಡರ್ ಜಾಸ್ (1888-1962) ಅಂದಿನ ರಷ್ಯಾ ಸಾಮ್ರಾಜ್ಯದ ವಿಲ್ನಾ ಸೀಮೆಯವನು. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯಾದವರ ಕೈಗೆ ಸೆರೆ ಸಿಕ್ಕಿದನು. ಸೆರೆಯಲ್ಲಿ ಭಾರ ಎತ್ತಲು ಏನೂ ಇರಲಿಲ್ಲ. ಕೈಗಳ ಸಂಕೋಲೆ, ಕಿಟಕಿಯ ಕಂಬಿಗಳನ್ನೇ ಎಳೆದು ಜಗ್ಗಿ ತಾಲೀಮು ಮಾಡಿದನು. ಅಲುಗದ ವಸ್ತುವಿನ ಮೇಲೆ ಬಲ ಹಾಕಿದರೂ ಸ್ನಾಯುರಜ್ಜುಗಳು ಗಟ್ಟಿಯಾಗುತ್ತವೆ ಎಂಬ ಪದ್ಧತಿಯನ್ನು ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿ ಪ್ರಚಾರ ಮಾಡಿದನು. ಬಾಲ್ಯದಲ್ಲಿ ಅವನು ಬಾಗಿಸಿದ್ದು ಕಬ್ಬಿಣವನ್ನಲ್ಲ, ಮರದ ಹಸಿ ಕೊಂಬೆಗಳನ್ನು. ಎರಡನೆಯವನು ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜೋ ಗ್ರೀನ್‌ಸ್ಟೈನ್ (1893-1977). ಎತ್ತರ ಐದೂಕಾಲು ಅಡಿಯ ಆಸುಪಾಸು. ಆದರೂ ದಪ್ಪ ಸರಳುಗಳನ್ನು ಬಾಗಿಸಿ ಖ್ಯಾತನಾದನು. ಇಬ್ಬರೂ ದೈತ್ಯದೇಹಿಗಳಲ್ಲ ಎಂಬುದು ವಿಚಾರಯೋಗ್ಯ.

ನಮ್ಮ ಕನ್ನಡನಾಡಿನಲ್ಲಿ ದೇಹಬಲವನ್ನು ಪ್ರದರ್ಶನದಿಂದ ಪಾಠಕ್ಕೆ ತಂದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ (1897-1980) ಪ್ರಮುಖರು. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ನಾವು ಓದುವ ಅಯ್ಯರ್ ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರು. ಭಾರದ ಸಾಧನೆಯೊಂದಿಗೆ ಸೂರ್ಯನಮಸ್ಕಾರ, ಆಸನಗಳನ್ನು ಸೇರಿಸಿ, ಅಂಚೆಯ ಮೂಲಕವೂ ಪಾಠ ಹೇಳಿದರು. ಇತ್ತ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಜನರನ್ನು ಯೋಗದತ್ತ ಸೆಳೆಯಲು ಶಕ್ತಿಪ್ರದರ್ಶನಗಳನ್ನೂ ಮಾಡುತ್ತಿದ್ದರು. ಪ್ರದರ್ಶನವು ಜನರನ್ನು ಬಾಗಿಲಿನವರೆಗೆ ಕರೆತರುತ್ತಿತ್ತು. ಒಳಗೆ ನಡೆಯುತ್ತಿದ್ದುದು ದಿನನಿತ್ಯದ ಅಭ್ಯಾಸ.

ಈಗ ತಂದೆಯ ಮೊದಲ ಪ್ರಶ್ನೆ: ಇದು ಖರೆಯೋ, ಕಣ್ಕಟ್ಟೋ? ಎರಡೂ ಇವೆ. ಬೇರ್ಪಡಿಸಲು ಸ್ವಲ್ಪ ಲೆಕ್ಕ ಬೇಕು.

ದುಂಡು ಸರಳನ್ನು ಬಾಗಿಸಲು ಬೇಕಾದ ಬಲವು ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿ.ಮೀ. ಸರಳಿಗಿಂತ 8 ಮಿ.ಮೀ. ಸರಳು ನೋಡಲು ತುಸು ದಪ್ಪ, ಆದರೆ ಬಾಗಿಸಲು 2.37 ಪಟ್ಟು ಕಠಿಣ. 12 ಮಿ.ಮೀ. ಸರಳು ಎಂಟು ಪಟ್ಟು ಕಠಿಣ. ಇದು ಒಂದೇ ಜಾತಿಯ ಉಕ್ಕಿನ ಮಾತಾಯಿತು. ಹಳೆಯ ಮೆದು ಉಕ್ಕಿನ ದರ್ಜೆ 250 ಆದರೆ, ಈಗ ಮನೆಗೆ ಹಾಕುವ ಟಿ.ಎಂ.ಟಿ. ಸರಳಿನ ದರ್ಜೆ ಸಾಮಾನ್ಯವಾಗಿ 500. ಅಂದರೆ ಇನ್ನೂ ಎರಡು ಪಟ್ಟು. 6 ಮಿ.ಮೀ. ಮೆದು ಸರಳಿಗೆ ಹೋಲಿಸಿದರೆ 12 ಮಿ.ಮೀ. ಟಿ.ಎಂ.ಟಿ. ಹದಿನಾರು ಪಟ್ಟು ಕಠಿಣ! ಆ ಹುಡುಗ ಕೈ ಹಾಕಿದ್ದು ಇಂಥ ಸರಳಿಗೆ. ಇನ್ನೊಂದು ನಿಯಮ ಸನ್ನೆಗೋಲಿನದು: ಸರಳು ಗಿಡ್ಡವಾದಷ್ಟೂ ಕಷ್ಟ, ಉದ್ದವಾದಷ್ಟೂ ಸುಲಭ.

ಕಣ್ಕಟ್ಟು ಹುಟ್ಟುವುದು ಈ ನಿಯಮಗಳಲ್ಲಿಯೇ. ಉದ್ದನೆಯ ಸಣ್ಣ ಸರಳಿನ ತುದಿಯನ್ನು ಗಂಟಲಿಗೆ ಇಟ್ಟು, ಮುಂದಕ್ಕೆ ಒತ್ತಿ ಬಾಗಿಸುವವರನ್ನು ನೀವು ನೋಡಿರಬಹುದು. ಅದನ್ನು ದೈವೀಶಕ್ತಿ ಎನ್ನುವವರುಂಟು. ಗಣಿತಜ್ಞ ಆಯ್ಲರ್ 1744ರಲ್ಲಿಯೇ ಇದರ ಲೆಕ್ಕವನ್ನು ಕೊಟ್ಟಿದ್ದಾನೆ: ತೆಳುವಾದ ಸರಳನ್ನು ತುದಿಗಳಿಂದ ಒತ್ತಿದಾಗ, ಅದರ ಉದ್ದ ಎರಡರಷ್ಟಾದರೆ ಅದು ನಾಲ್ಕನೆಯ ಒಂದು ಭಾಗದ ಬಲಕ್ಕೇ ಬಾಗುತ್ತದೆ. ಪವಾಡವಲ್ಲದಿದ್ದರೂ ಅಪಾಯ ಮಾತ್ರ ನಿಜ. ತುದಿ ಜಾರಿದರೆ ಗಂಟಲು ಉಳಿಯದು. ಯಾರೂ ಅನುಕರಿಸಬಾರದು. ಸರಳನ್ನು ಹಲ್ಲಿನಿಂದ ಕಚ್ಚಿ ಬಾಗಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯ ಪ್ರಶ್ನೆ: ಎಲ್ಲಿಂದ ಪ್ರಾರಂಭಿಸಬೇಕು? ಅಮೆರಿಕದ ಐರನ್‌ಮೈಂಡ್ ಸಂಸ್ಥೆಯು ಈ ಸಾಧನೆಗೊಂದು ಅಳತೆಗೋಲನ್ನು ಮಾಡಿದೆ. ಏಳು ಇಂಚು ಉದ್ದದ, ಸುಮಾರು 8 ಮಿ.ಮೀ. ದಪ್ಪದ ಉಕ್ಕಿನ ತುಂಡನ್ನು ಕೈಗಳಿಂದಲೇ ಬಾಗಿಸಿದವರ ಹೆಸರನ್ನು ಅದು ಪಟ್ಟಿಯಲ್ಲಿ ದಾಖಲಿಸುತ್ತದೆ. ಆ ಕೆಂಪು ತುಂಡಿಗಿಂತ ಮೊದಲು ಬಿಳಿ, ಹಸಿರು, ಹಳದಿ, ನೀಲಿ ಎಂಬ ಸುಲಭದ ತುಂಡುಗಳಿವೆ. ನಮ್ಮ ಗರಡಿಯ ಬಾಗಿಲಲ್ಲಿ ಸಾಲಾಗಿದ್ದ ಕಲ್ಲುಗಳಂತೆಯೇ ಇದೂ ಒಂದು ಏಣಿ.

ನಮ್ಮ ಮನೆಯಲ್ಲಿ ಆ ಏಣಿಯನ್ನು ಹೀಗೆ ಹಾಕಿಕೊಳ್ಳಬಹುದು. ಮೊದಲ ಎರಡು ಮೂರು ತಿಂಗಳು ಕಬ್ಬಿಣ ಮುಟ್ಟುವುದೇ ಬೇಡ. ದಂಡ, ಬಸ್ಕಿ, ಕೊಂಬೆಗೆ ಜೋತು ಬೀಳುವುದು, ತುಂಬಿದ ಕೊಡಗಳನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುವುದು ಇರಲಿ. ಒಗೆದ ಕೌದಿಯನ್ನು ನೀರಿಳಿಯುವಂತೆ ಹಿಂಡುವುದು ಮಣಿಕಟ್ಟಿಗೆ ಒಳ್ಳೆಯ ತಾಲೀಮು. ನಮ್ಮ ತಾಯಂದಿರು ಅದನ್ನು ವ್ಯಾಯಾಮವೆಂದು ಕರೆಯದೆಯೇ ಮಾಡಿದರು. ಅನಂತರ ಮೂರು ಅಡಿ ಉದ್ದದ, 6 ಮಿ.ಮೀ. ಮೆದು ಸರಳನ್ನು ತೆಗೆದುಕೊಳ್ಳಿರಿ. ತೊಡೆಯ ಮೇಲೆ ದಪ್ಪ ಬಟ್ಟೆಯ ಮಡಿಕೆ ಇಟ್ಟು, ನಡುವನ್ನು ಅದಕ್ಕೆ ಆನಿಸಿ, ತುದಿಗಳನ್ನು ಹಿಡಿದು ಎಳೆದರೆ ಒಂದೊಂದು ಕೈಗೆ ಎರಡು ಮೂರು ಕಿಲೋದಷ್ಟು ಬಲ ಸಾಕು. ಇದು ತೀರಾ ಸುಲಭವೆನಿಸಿದರೆ ಒಳ್ಳೆಯದೇ. ಮುಂದೆ ಉದ್ದವನ್ನು ಎರಡೆರಡು ಇಂಚು ಕಡಿಮೆ ಮಾಡುತ್ತ ಹೋಗಿರಿ. ಗಿಡ್ಡ ತುಂಡು ಕೈಗೆ ಬಂದ ಮೇಲೆಯೇ ದಪ್ಪವನ್ನು ಏರಿಸಿ, ಮತ್ತೆ ಉದ್ದದಿಂದ ಪ್ರಾರಂಭಿಸಿರಿ. ಉದ್ದ ಮತ್ತು ದಪ್ಪ ಎರಡನ್ನೂ ಒಟ್ಟಿಗೆ ಬದಲಿಸಬಾರದು.

ತುದಿಗಳನ್ನು ಅರದಿಂದ ನುಣುಪು ಮಾಡಿ, ಚರ್ಮ ಇಲ್ಲವೇ ದಪ್ಪ ಬಟ್ಟೆ ಸುತ್ತಿರಿ. ಕಣ್ಣಿಗೆ ಕನ್ನಡಕವಿರಲಿ. ಅರ, ಡ್ರಿಲ್ಲಿನ ಬಿಟ್ಟು ಮುಂತಾದ ಹದಗೊಳಿಸಿದ ಉಕ್ಕು ಬಾಗುವ ಬದಲು ಚೂರಾಗಿ ಸಿಡಿಯುತ್ತದೆ. ಅದು ಬೇಡವೇ ಬೇಡ. ಮಣಿಕಟ್ಟು ನೇರವಾಗಿರಲಿ, ಉಸಿರು ಬಿಗಿಹಿಡಿಯಬೇಡಿರಿ. ಉಸಿರು ಕಟ್ಟಿ ಬಲ ಹಾಕಿದಾಗ ರಕ್ತದೊತ್ತಡ ಏರುತ್ತದೆ. ರಕ್ತದೊತ್ತಡ, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ವಾರಕ್ಕೆ ಎರಡು ದಿನ ಸಾಕು. ಮಾಂಸಖಂಡ ಬೇಗ ಬೆಳೆಯುತ್ತದೆ. ಅದನ್ನು ಎಲುಬಿಗೆ ಕಟ್ಟಿದ ಸ್ನಾಯುರಜ್ಜು ನಿಧಾನವಾಗಿ ಗಟ್ಟಿಯಾಗುತ್ತದೆ. ತೋಳು ‘ಆದೀತು’ ಎನ್ನುವಾಗ ಮಣಿಕಟ್ಟು ಇನ್ನೂ ಸಿದ್ಧವಾಗಿರುವುದಿಲ್ಲ. ಹುಡುಗರಿಗೆ ಪೆಟ್ಟಾಗುವುದು ಈ ಅಂತರದಲ್ಲಿಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ನಡತೆಗೆ ಹೇಳುತ್ತೇವೆ. ಸರಳಿಗೂ ಅದು ಒಪ್ಪುತ್ತದೆ.

ಇಂದು ಕೊಪ್ಪಳದ ಪಕ್ಕದ ಗಿಣಿಗೇರಿಯಲ್ಲಿ ಉಕ್ಕಿನ ಕಾರ್ಖಾನೆಗಳಿವೆ. ಗಂಗಾವತಿಯಿಂದ ಯಲಬುರ್ಗಾದವರೆಗೆ ಎಲ್ಲಿ ನೋಡಿದರೂ ಮನೆಗಳು ಏಳುತ್ತಿವೆ. ಅಲ್ಲಿ ಬಿಸಿಲಿನಲ್ಲಿ ಕುಳಿತು, ಹಲಗೆಗೆ ಬಡಿದ ಮೊಳೆಗಳ ನಡುವೆ ಸರಳಿಟ್ಟು, ಉದ್ದ ಹಿಡಿಕೆಯ ಸಲಕರಣೆಯಿಂದ ದಿನಕ್ಕೆ ನೂರಾರು ರಿಂಗುಗಳನ್ನು ಬಾಗಿಸುವ ಕೆಲಸಗಾರರನ್ನು ಒಮ್ಮೆ ನಿಂತು ನೋಡಿರಿ. ಸನ್ನೆಗೋಲಿನ ಪಾಠವನ್ನು ಅವರಿಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಮಕ್ಕಳಿಗೂ ತೋರಿಸಿರಿ.

ಕೊನೆಯಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಹಳೆಯ ಗರಡಿ ಮನೆ ಉಳಿದಿದ್ದರೆ ಹೋಗಿ ನೋಡಿರಿ. ಸಂಗ್ರಾಣಿ ಕಲ್ಲನ್ನು ಎಲ್ಲರೂ ತೋರಿಸುತ್ತಾರೆ. ನೀವು ಕೇಳಬೇಕಾದುದು ಅದಕ್ಕಿಂತ ಸಣ್ಣ ಕಲ್ಲುಗಳು ಎಷ್ಟಿದ್ದವು, ಅವುಗಳ ತೂಕವೆಷ್ಟು, ಈಗ ಎಲ್ಲಿವೆ ಎಂದು. ಎಷ್ಟೋ ಕಡೆ ಅವು ಕಟ್ಟೆಗೆ, ಮೆಟ್ಟಿಲಿಗೆ ಸೇರಿಹೋಗಿವೆ. ಹಿರಿಯರು ಹೇಳಿದ್ದನ್ನು ನನಗೆ ಬರೆದು ಕಳಿಸಿರಿ. ಒಂದೆಡೆ ಕೂಡಿಸಿ ಇಡೋಣ.