ಉಣ್ಣುವುದೂ ಒಂದು ವಿದ್ಯೆಯಾಗಿತ್ತು

ಊರೂರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಊಟದ ಮಾತೆಲ್ಲ ‘ಬಿಡಿ’ ಎಂಬಲ್ಲಿಂದಲೇ ಶುರುವಾಗುತ್ತದೆ. ಅನ್ನ ಬಿಡಿ, ಹಣ್ಣು ಬಿಡಿ, ರಾತ್ರಿ ಊಟವನ್ನೇ ಬಿಡಿ ಎನ್ನುವ ವಿಡಿಯೊಗಳು ನಮ್ಮೆಲ್ಲರ ಫೋನಿಗೂ ಬರುತ್ತವೆ. ಬಿಟ್ಟವರು ಹದಿನೈದು ದಿನ ತಡೆದು, ಆಮೇಲೆ ಮೊದಲಿನಂತೆಯೇ ಉಣ್ಣುವುದನ್ನೂ ನಾವು ನೋಡುತ್ತಿದ್ದೇವೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಇದೇ ಮಾತು ಕಲಿಯುವುದರಿಂದ ಶುರುವಾಗುತ್ತದೆ.

ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೇ ಚಾವುಂಡರಾಯ ‘ಲೋಕೋಪಕಾರ’ ಬರೆದ. ಬಾವಿಗೆ ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ದನಕ್ಕೆ ಏನು ಮದ್ದು ಎಂಬುದರ ಜೊತೆಗೇ ಅಡುಗೆಯೂ ಅದರಲ್ಲಿದೆ. ರೈತನಿಗೆ ಬೇಕಾದ ವಿದ್ಯೆಗಳ ಸಾಲಿನಲ್ಲಿ ಅಡುಗೆಗೂ ಜಾಗ! 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಅದೇ ಶತಮಾನದ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಜನಕ್ಕೆ ಇದು ಬರೀ ಕತೆಯಾಗಿ ಕೇಳಿಸಿರಲಾರದು.

ಆದರೆ ಪುಸ್ತಕ ಬರೆದವರು ಅರಮನೆ, ಮಠಗಳ ಕಡೆಯವರು. ಹಳ್ಳಿ ಹೆಂಗಸರ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಬಸ್ಸಾರನ್ನೇ ನೋಡಿ. ಕಾಳು ಅರೆಬೆಂದ ಮೇಲೆ ಸೊಪ್ಪು ಹಾಕಬೇಕು, ಬೆಂದ ನೀರನ್ನು ಚೆಲ್ಲದೆ ಬಸಿಯಬೇಕು. ಆ ಕಟ್ಟಿಗೆ ಖಾರ ಅರೆದು ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸೌದೆ, ಒಂದೇ ಪಾತ್ರೆ, ಎರಡು ಅಡುಗೆ. ಮುದ್ದೆಯ ಜೊತೆ ಕಾಳು, ಸೊಪ್ಪು ಎರಡೂ ಹೊಟ್ಟೆಗೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ ಎಂದು ಪ್ರಯೋಗಾಲಯ ಹೇಳಿದ್ದು ಬಹಳ ತಡವಾಗಿ.

ಅಕ್ಕಿ ಆಗ ಒಣಸೀಮೆಯಲ್ಲಿ ಹಬ್ಬದ ಊಟ. ನಾಲೆ ನೀರು, ಮಿಲ್ಲು, ಪಡಿತರ, 2013ರಲ್ಲಿ ಅನ್ನಭಾಗ್ಯ, ಹೀಗೆ ಅದು ದಿನದ ಊಟವಾಯಿತು. ಹಸಿವು ನೀಗಿಸಿದ ಅಕ್ಕಿಯನ್ನು ನಾವು ಹಳಿಯುವುದಿಲ್ಲ. ಅನ್ನ ತಟ್ಟೆ ತುಂಬಿದಷ್ಟೂ ಕಾಳು, ಸೊಪ್ಪು ಬದಿಗೆ ಸರಿದದ್ದೇ ತೊಂದರೆ. ಈಗ ಸಕ್ಕರೆ ಕಾಯಿಲೆಯವರಿಗೆ ಮುದ್ದೆಯೇ ಮದ್ದು ಎನ್ನುವವರೂ ಇದ್ದಾರೆ. ಮುದ್ದೆಯೂ ಹಿಟ್ಟೇ ತಾನೆ? ಎಷ್ಟು ದೊಡ್ಡದು, ಜೊತೆಗೆ ಏನು ಎಂಬುದು ಅಲ್ಲೂ ಲೆಕ್ಕಕ್ಕೆ ಬರುತ್ತದೆ. ಮಾತ್ರೆಯ ವಿಚಾರ ಡಾಕ್ಟರಿಗೇ ಬಿಟ್ಟದ್ದು.

ಬೆರಕೆ ಸೊಪ್ಪು ಗುರುತಿಸುವ ಅಜ್ಜಿಯರು ಇನ್ನೂ ಇದ್ದಾರೆ. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ಯಾವುದೆಂದು ಎಲೆ ಮುಟ್ಟಿಯೇ ಹೇಳುತ್ತಾರೆ. ಅವರ ಹಿಂದೆ ಹೋಗಿ ಕಲಿಯಬೇಕೆನ್ನುವವರು ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಬೇಕು: ಕಳೆನಾಶಕ ಹೊಡೆಯದ ಬದು ಊರಲ್ಲಿ ಎಲ್ಲಿ ಉಳಿದಿದೆ?