ಕಳ್ಳರ ಉರುಳು, ಮಾರಿಯ ಹೆಸರು: ಒಂದು ಭಯಾನಕ ಚಿತ್ರದ ಚಾರಿತ್ರಿಕ ಹಿನ್ನೆಲೆ

ವಾಸ್ತವ ಅಪರಾಧಗಳನ್ನು ದೈವಾರಾಧನೆಯೊಡನೆ ಬೆಸೆದು ಕಥನ ಕಟ್ಟಿದ ಭಯಾನಕ ಚಲನಚಿತ್ರಗಳಲ್ಲಿ ಟೆರೆನ್ಸ್ ಫಿಶರ್ ನಿರ್ದೇಶನದ ‘ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ’ (1959) ಉಲ್ಲೇಖನೀಯವಾದುದು. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯ ಈ ಚಿತ್ರದಲ್ಲಿ, ದಾರಿಹೋಕರ ಕೊರಳಿಗೆ ಉರುಳು ಬಿಗಿದು ಕೊಲ್ಲುವ ಥಗ್ಗರು ಕಾಳಿಯ ಉನ್ಮತ್ತ ಭಕ್ತರಾಗಿ ಚಿತ್ರಿತರಾಗಿದ್ದಾರೆ.

ಈ ಕಥನದ ಮೂಲದಲ್ಲಿ ಕನ್ನಡನಾಡಿನ ಸಂಗತಿಗಳೂ ಇವೆ. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಇಂತಹ ಸುಮಾರು 100 ಮಂದಿ ಬೆಂಗಳೂರಿನ ಆಸುಪಾಸಿನಲ್ಲಿ ಬಂಧಿತರಾದರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರ ತನ್ನ ಲೇಖನದಲ್ಲಿ ಕಾಳಿ ಅಥವಾ ಮಾರಿಯಮ್ಮ ಇವರ ಆರಾಧ್ಯದೈವವೆಂದು ಬರೆದನು. ಆದರೆ ಇವರಿಗೆ ಕನ್ನಡದಲ್ಲಿದ್ದ ಹೆಸರು ‘ತಂತಿ ಕಳ್ಳರು’ ಎಂಬುದನ್ನೂ ಅವನೇ ದಾಖಲಿಸಿದ್ದಾನೆ. ಜನ ಇವರಲ್ಲಿ ಕಂಡದ್ದು ಭಕ್ತಿಯನ್ನಲ್ಲ, ಕಳ್ಳತನವನ್ನು. ಪ್ರಯಾಣಿಕರ ಹಣ-ಒಡವೆಗಳೇ ಕೊಲೆಯ ಉದ್ದೇಶವಾಗಿದ್ದವು. ತಂಡಗಳಲ್ಲಿ ಮುಸಲ್ಮಾನರೂ ಇದ್ದರು. ಚಲನಚಿತ್ರವು ಸುಲಿಗೆಯನ್ನು ಹಿಂದಕ್ಕೆ ಸರಿಸಿ ದೇವತೆಯನ್ನೇ ಅಪರಾಧದ ಕಾರಣವಾಗಿಸಿತು.

ಈ ವಿಪರ್ಯಾಸದ ಗಾಂಭೀರ್ಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಸ್ಪಷ್ಟವಾಗುತ್ತದೆ. ಇಲ್ಲಿ ಮಾರಿ ಒಕ್ಕಲುಮಕ್ಕಳ ತಾಯಿ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಭಕ್ತರು ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಭಯಾನಕ ಚಿತ್ರದ ದೃಷ್ಟಿಗೆ ಈ ಮಾರಿಯೂ ಕೊಲೆಗಡುಕರ ದೈವವೇ ಆಗಿಬಿಡುತ್ತಾಳೆ.

ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕರ್ನಾಟಕವು 2017ರಲ್ಲಿ ರೂಪಿಸಿದ ಕಾಯ್ದೆ ಹಾನಿಕರ ಆಚರಣೆಗಳನ್ನು ನಿಷೇಧಿಸಿ, ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಕೃತ್ಯವನ್ನೂ ಆರಾಧನೆಯನ್ನೂ ಬೇರ್ಪಡಿಸಿ ನೋಡುವ ಇದೇ ವಿವೇಕ ಇಂತಹ ಚಿತ್ರಗಳ ಅಧ್ಯಯನಕ್ಕೂ ಅವಶ್ಯ.